ಇಂಗ್ಲಿಷಿನಲ್ಲಿ ಬಾಯಿ ಬಿಡುವ ಬಗೆ

ಬೀದರ ಜಿಲ್ಲೆಯ ಔರಾದ ತಾಲೂಕಿನಲ್ಲಿರುವ ಚಿಂತಾಕಿಯ ಕಡೆಯ ಮಕ್ಕಳು ಪರಭಾಷೆಗೆ ಅಂಜತಕ್ಕವರಲ್ಲ. ಕನ್ನಡ, ಮರಾಠಿ, ತೆಲುಗು, ಉರ್ದು ನಾಲ್ಕೂ ಬಳಕೆಯಲ್ಲಿರುವ ಈ ಗಡಿಸೀಮೆಯಲ್ಲಿ ಮನೆಗೊಂದು ನುಡಿ, ಸಂತೆಗೊಂದು ನುಡಿ. ಆದರೆ ಇಂಗ್ಲಿಷಿನಲ್ಲಿ ಮಾತನಾಡೆಂದೊಡನೆ ಅದೇ ನಾಲಗೆ ಕಟ್ಟಿಹೋಗುವುದು. ಕಾರಣವೇನು? ನೆರೆಯ ನುಡಿಗಳನ್ನು ಕಿವಿಯಿಂದ ಕಲಿತರು. ಇಂಗ್ಲಿಷನ್ನು ಕಣ್ಣಿನಿಂದ, ಪರೀಕ್ಷೆಗೆಂದು ಕಲಿತರು. 2007ರಿಂದ ಸರಕಾರಿ ಕನ್ನಡ ಶಾಲೆಗಳ ಒಂದನೆಯ ತರಗತಿಯಲ್ಲಿಯೇ ಇಂಗ್ಲಿಷು ಇದ್ದರೂ, ಬರೆದುದರಿಂದಲೇ ಬಾಯಿ ತಿರುಗಲಾರದು.

ಅಮೆರಿಕದ ವಿದುಷಿ ರೆಬೆಕಾ ಆಕ್ಸ್‌ಫರ್ಡ್ ಅವರು 1990ರಲ್ಲಿ ಭಾಷೆ ಕಲಿಯುವವರ ಉಪಾಯಗಳನ್ನು ಆರು ಬಗೆಯಾಗಿ ವಿಂಗಡಿಸಿದರು. ಅವುಗಳಲ್ಲಿ ಮೂರು ಮಾತಿಗೆ ವಿಶೇಷವಾಗಿ ಒದಗುವುವು: ಜೊತೆಗಾರರೊಡನೆ ಆಡಿ ಕಲಿಯುವುದು, ಶಬ್ದ ತೋಚದಿದ್ದಾಗ ಬೇರೆ ಮಾತುಗಳಿಂದ ಬಳಸಿ ತಿಳಿಸುವುದು, ಮನಸ್ಸಿನ ಅಂಜಿಕೆಯನ್ನು ಅಡಗಿಸುವುದು. ಸಂತೆಯಲ್ಲಿ ಪರಭಾಷೆಯವರೊಡನೆ ನಮ್ಮ ಮಕ್ಕಳು ಮಾಡುವುದೂ ಇದನ್ನೇ ಅಲ್ಲವೆ?

ಆದುದರಿಂದ ಗೃಹಸ್ಥರಲ್ಲಿ ನಮ್ಮ ವಿನಂತಿಯಿಷ್ಟೆ: ಮಕ್ಕಳು ದಿನಕ್ಕೊಂದು ಪಾಠವನ್ನು ಗಟ್ಟಿಯಾಗಿ ಓದಲಿ, ಪುಸ್ತಕ ಮುಚ್ಚಿ ಅದನ್ನೇ ತಮ್ಮ ಮಾತಿನಿಂದ ಇಂಗ್ಲಿಷಿನಲ್ಲಿ ಹೇಳಲಿ, ಸಂಜೆ ಇಬ್ಬರು ಕೂಡಿ ಪ್ರಶ್ನೋತ್ತರ ನಡೆಯಿಸಲಿ. ತಪ್ಪಿದರೆ ನಗಬೇಡಿರಿ. ಮಾತು ಮುಗಿದ ಮೇಲೆ ಮೆಲ್ಲನೆ ತಿದ್ದಿರಿ. ಮನೆಯವರ ಒಂದು ನಗು ವರುಷದ ಅಭ್ಯಾಸವನ್ನು ಕೆಡಿಸೀತು.