ಪರದೇಶಕ್ಕೆ ಹೊರಟ ಮಗುವಿಗೆ ಕಾರಿನಲ್ಲಿ ಆಸನ

ಮಗನೋ ಮಗಳೋ ಪರದೇಶದಲ್ಲಿ ನೆಲೆಸಿರುವ ಮನೆಗಳು ನಮ್ಮ ಉದಯಗಿರಿಯಲ್ಲಿ ಈಗ ಅಪರೂಪವಲ್ಲ. ವರ್ಷದ ಕೂಸನ್ನು ಎತ್ತಿಕೊಂಡು ಸೊಸೆ ಗಂಡನಿದ್ದಲ್ಲಿಗೆ ಹೊರಡುವಳೆಂದರೆ ಮನೆಯಲ್ಲಿ ತಿಂಗಳ ಮೊದಲೇ ಸಡಗರ. ಸಾರಿನ ಪುಡಿಯಿಂದ ಹಿಡಿದು ಮಗುವಿನ ಲಸಿಕೆಯ ಕಾಗದದವರೆಗೆ ಎಲ್ಲವೂ ಪಟ್ಟಿಗೆ ಸೇರುತ್ತದೆ. ಆದರೆ ವಿಮಾನ ಇಳಿದ ಮೇಲೆ ಮಗು ಕಾರಿನಲ್ಲಿ ಎಲ್ಲಿ ಕುಳಿತುಕೊಳ್ಳುತ್ತದೆ ಎಂದು ಕೇಳಿನೋಡಿ. "ತಾಯಿಯ ಮಡಿಲು ಇಲ್ಲವೆ?" ಎಂಬುದೇ ಹಿರಿಯರ ಉತ್ತರ.

ಮಡಿಲಿನ ಪ್ರೀತಿಯನ್ನು ಅಲ್ಲಗಳೆಯುವವರು ಯಾರೂ ಇಲ್ಲ. ಆದರೆ ಅದರ ಬಲವನ್ನು ಲೆಕ್ಕ ಹಾಕಿ ನೋಡಬೇಕು. ಗಂಟೆಗೆ 50 ಕಿಲೋಮೀಟರ್ ವೇಗದ ಕಾರು ಸೆಕೆಂಡಿಗೆ ಸುಮಾರು 14 ಮೀಟರ್ ಓಡುತ್ತದೆ. ಅದು ಎದುರಿನದಕ್ಕೆ ಬಡಿದು ಸೆಕೆಂಡಿನ ಹತ್ತನೆಯ ಒಂದು ಪಾಲಿನಲ್ಲಿ ನಿಂತಿತೆನ್ನಿ. ಆಗ 10 ಕಿಲೋ ತೂಕದ ಮಗು ತೋಳುಗಳ ಮೇಲೆ ಸುಮಾರು 140 ಕಿಲೋ ಭಾರದಂತೆ ಎರಗುತ್ತದೆ. ಐವತ್ತು ಕಿಲೋದ ಮೂರು ಅಕ್ಕಿಮೂಟೆಗಳನ್ನು ಕಣ್ಣುರೆಪ್ಪೆ ಬಡಿಯುವಷ್ಟರಲ್ಲಿ ಹಿಡಿದು ನಿಲ್ಲಿಸುವ ತಾಯಿ ಎಲ್ಲಿದ್ದಾಳೆ? ಕೈ ತಪ್ಪುವುದು ಅವಳ ದೋಷವಲ್ಲ.

ಆಸನ ಬೇಕು, ಸರಿ. ಅದು ಹಿಂದಕ್ಕೆ ಮುಖ ಮಾಡಿರಬೇಕೇಕೆ? ಹುಟ್ಟಿದ ಮಗುವಿನ ತಲೆ ಅದರ ಮೈಯುದ್ದದ ನಾಲ್ಕನೆಯ ಒಂದು ಪಾಲು. ದೊಡ್ಡವರಲ್ಲಿ ಏಳೆಂಟನೆಯ ಒಂದು ಪಾಲು ಮಾತ್ರ. ಅಷ್ಟು ಭಾರದ ತಲೆಯನ್ನು ಹೊತ್ತ ಎಳೆಯ ಕುತ್ತಿಗೆಯ ಮೂಳೆಗಳಾದರೋ ಇನ್ನೂ ಪೂರ್ತಿಯಾಗಿ ಕೂಡಿಕೊಂಡಿರುವುದಿಲ್ಲ, ನಡುನಡುವೆ ಮೃದ್ವಸ್ಥಿ ಇರುತ್ತದೆ. ಮುಂದಕ್ಕೆ ಮುಖಮಾಡಿ ಕೂತ ಮಗುವಿನ ಮೈಯನ್ನು ಪಟ್ಟಿ ಹಿಡಿದರೂ ತಲೆ ಮುಂದಕ್ಕೆ ಚಿಮ್ಮಿ ಕುತ್ತಿಗೆಯನ್ನು ಜಗ್ಗುತ್ತದೆ. ಹಿಂದಕ್ಕೆ ಮುಖವಿದ್ದರೆ ತಲೆ, ಕುತ್ತಿಗೆ, ಬೆನ್ನು ಮೂರೂ ಒಟ್ಟಾಗಿ ಆಸನದ ಬೆನ್ನಿಗೆ ಒರಗುತ್ತವೆ; ಪೆಟ್ಟಿನ ಬಲ ಅಗಲವಾಗಿ ಹಂಚಿಹೋಗುತ್ತದೆ.

ಈ ಉಪಾಯ ಹೊಳೆದದ್ದು ಸ್ವೀಡನ್ ದೇಶದ ಬರ್ಟಿಲ್ ಆಲ್ಡ್‌ಮನ್ ಎಂಬ ಪ್ರಾಧ್ಯಾಪಕರಿಗೆ. ಅಮೆರಿಕದ ಜೆಮಿನಿ ಗಗನಯಾತ್ರಿಗಳು ಉಡಾವಣೆಯ ಒತ್ತಡವನ್ನು ಬೆನ್ನಿನ ಮೇಲೆ ತಾಳಿಕೊಳ್ಳುವಂತೆ ಒರಗಿರುತ್ತಿದ್ದುದೇ ಅವರಿಗೆ ಸ್ಫೂರ್ತಿ. 1964ರಲ್ಲಿ ವೋಲ್ವೋ ಕಾರಿನಲ್ಲಿ ಇದರ ಮಾದರಿಯ ಪರೀಕ್ಷೆ ನಡೆಯಿತು. 1972ರಲ್ಲಿ ಆಸನ ಮಾರಾಟಕ್ಕೆ ಬಂದಿತು. ಸ್ವೀಡನ್ನಿನಲ್ಲಿ ಮಕ್ಕಳನ್ನು ಸುಮಾರು ನಾಲ್ಕು ವರ್ಷದವರೆಗೂ ಹೀಗೆಯೇ ಕೂರಿಸುವ ರೂಢಿ ಉಂಟು. ಆ ಆಸನಕ್ಕೆ ಹೇಳಿರುವ ಎತ್ತರ ಅಥವಾ ತೂಕದ ಮಿತಿ ಮುಟ್ಟುವವರೆಗೂ ಮಗು ಹಿಂದಕ್ಕೆ ಮುಖಮಾಡಿಯೇ ಇರಲಿ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೂ 2018ರಲ್ಲಿ ಸಲಹೆ ಮಾಡಿತು. "ಕಾಲು ಮಡಿಸಿಕೊಳ್ಳಬೇಕಲ್ಲ, ನೋಯದೆ?" ಎಂದು ಅಜ್ಜಿಯರು ಕೇಳುವುದುಂಟು. ಚಕ್ಕಳಮಕ್ಕಳ ಹಾಕಿ ಕೂರುವುದು ಮಕ್ಕಳಿಗೆ ಸಹಜ. ಕಾಲು ಆಸನಕ್ಕೆ ತಾಗಿತೆಂದು ತಿರುಗಿಸಬೇಕಾದುದಿಲ್ಲ.

ಇನ್ನು ಕೊಳ್ಳುವ ಮಾತು. ಇಲ್ಲಿಯೇ ಒಳ್ಳೆಯದನ್ನು ಕೊಂಡು ಕಳುಹಿಸೋಣವೆಂದು ತಾತಂದಿರಿಗೆ ಆಸೆ. ಆದರೆ ಆಸನದ ಮೇಲಿನ ಮುದ್ರೆ ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದಲ್ಲಿ ಆ ದೇಶದ 213ನೆಯ ಮೋಟಾರು ಸುರಕ್ಷತಾ ಪ್ರಮಾಣಕ್ಕೆ ಒಪ್ಪುವ ಆಸನವೇ ಆಗಬೇಕು. ಕೆನಡಾಕ್ಕೆ ಅದರದೇ ರಾಷ್ಟ್ರೀಯ ಸುರಕ್ಷತಾ ಮುದ್ರೆ. ಆಸ್ಟ್ರೇಲಿಯಕ್ಕೆ ಅಲ್ಲಿಯ 1754ನೆಯ ಪ್ರಮಾಣ. ಬ್ರಿಟನ್ ಮತ್ತು ಯೂರೋಪಿನಲ್ಲಿ ವೃತ್ತದೊಳಗೆ 'ಇ' ಅಕ್ಷರವಿರುವ ಗುರುತುಚೀಟಿಯನ್ನು ನೋಡಬೇಕು. ಅಲ್ಲಿಯ ಹೊಸ 129ನೆಯ ನಿಯಮದ ಆಸನಗಳಲ್ಲಿ 15 ತಿಂಗಳು ತುಂಬುವವರೆಗೆ ಹಿಂದಕ್ಕೆ ಮುಖವಿರುವುದು ಕಡ್ಡಾಯ. ಕ್ಯಾಲಿಫೋರ್ನಿಯದಲ್ಲಿ 2017ರಿಂದ, ತೀರ ಎತ್ತರದ ಅಥವಾ ಭಾರದ ಮಕ್ಕಳನ್ನು ಬಿಟ್ಟು, ಎರಡು ವರ್ಷದವರೆಗೆ ಕಡ್ಡಾಯ. ಆದಕಾರಣ ನಿಯಮವನ್ನು ಮೈಸೂರಿನಲ್ಲಿ ತಿಳಿಯಿರಿ. ಆಸನವನ್ನು ಬಳಸುವ ದೇಶದ್ದನ್ನೇ ಕೊಳ್ಳಿರಿ. ಮಗು ಬರುವ ಮೊದಲೇ ಅಲ್ಲಿರುವ ತಂದೆ ಅದನ್ನು ತಂದು ತನ್ನ ಕಾರಿಗೆ ಬಿಗಿದು ನೋಡಿರಲಿ.

ಕೊಳ್ಳುವಾಗ ಬೆಲೆಗಿಂತ ಹೊಂದಿಕೆ ಮುಖ್ಯ. ಮಗುವಿನ ಈಗಿನ ತೂಕ, ಎತ್ತರಗಳನ್ನು ಬರೆದಿಟ್ಟುಕೊಂಡು, ಹಿಂಮುಖದ ಮಿತಿ ಹೆಚ್ಚಾಗಿರುವುದನ್ನು ಆರಿಸಿರಿ. ಕಾರಿಗೆ ಬಿಗಿದ ಮೇಲೆ, ಪಟ್ಟಿ ಹಾಯುವ ಜಾಗದಲ್ಲಿ ಹಿಡಿದು ಅಲುಗಿಸಿದರೆ ಅಂಗುಲಕ್ಕಿಂತ ಹೆಚ್ಚು ಸರಿಯಬಾರದು. ಹಿಂಮುಖದಲ್ಲಿ ಹೆಗಲಪಟ್ಟಿ ಹೆಗಲಿನ ಮಟ್ಟದಿಂದಲೋ ಅದಕ್ಕಿಂತ ಕೆಳಗಿನಿಂದಲೋ ಬರಬೇಕು; ಬೆರಳಿನಿಂದ ಹಿಂಡಿದರೆ ಮಡಿಕೆ ಸಿಗಬಾರದು. ಚಳಿಯ ದೇಶವೆಂದು ದಪ್ಪ ಕೋಟು ತೊಡಿಸಿ ಮೇಲೆ ಪಟ್ಟಿ ಕಟ್ಟತಕ್ಕದ್ದಲ್ಲ. ಅಪಘಾತದಲ್ಲಿ ಕೋಟು ಕುಗ್ಗಿ ಪಟ್ಟಿ ಸಡಿಲವಾಗುತ್ತದೆ. ಪಟ್ಟಿ ಕಟ್ಟಿದ ಮೇಲೆ ಹೊದಿಕೆ ಹೊದಿಸಿರಿ. ಗಾಳಿಚೀಲ ಚಾಲೂ ಇರುವ ಮುಂದಿನ ಸೀಟಿನಲ್ಲಿ ಹಿಂಮುಖದ ಆಸನವನ್ನು ಎಂದೂ ಇಡಕೂಡದು. ಚೀಲ ಸಿಡಿದು ಮಗುವಿನ ತಲೆಯ ಹಿಂಬದಿಗೇ ಬಡಿಯುತ್ತದೆ. ಪರಿಚಯದವರು ಬಳಸಿದ ಆಸನವಾದರೆ ಅದು ಅಪಘಾತ ಕಂಡಿದೆಯೆ, ಅವಧಿ ಮೀರಿದೆಯೆ ಎಂದು ಸಂಕೋಚವಿಲ್ಲದೆ ಕೇಳಿರಿ.

ವಿಮಾನದಲ್ಲಿ ಮಗುವಿಗೆ ಪ್ರತ್ಯೇಕ ಟಿಕೆಟ್ ಕೊಂಡರೆ ಅಲ್ಲಿಯೂ ಕಾರಿನ ಆಸನ ಬಳಸಬಹುದು. ಅಮೆರಿಕದ ಆಸನವಾದರೆ, ವಿಮಾನಕ್ಕೆ ಒಪ್ಪಿತವೆಂಬ ಮಾತು ಅದರ ಮೇಲೆ ಕೆಂಪಕ್ಷರದಲ್ಲಿ ಇರುತ್ತದೆ. ಆದರೂ ವಿಮಾನ ಸಂಸ್ಥೆಯನ್ನು ಮೊದಲೇ ವಿಚಾರಿಸುವುದು ಕ್ಷೇಮ.

ಕಡೆಯದಾಗಿ ಒಂದು ಮಾತು. ಮಗುವಿನ ಪ್ರಯಾಣ ಪರದೇಶದಲ್ಲಿ ಮೊದಲಾಗುವುದಿಲ್ಲ. ಉದಯಗಿರಿಯ ಮನೆಯ ಬಾಗಿಲಲ್ಲಿ ಮೊದಲಾಗುತ್ತದೆ. 2023ರಲ್ಲಿ ಉದ್ಘಾಟನೆಯಾದ ಹೆದ್ದಾರಿಯಲ್ಲಿ ಬೆಂಗಳೂರಿಗೆ, ಅಲ್ಲಿಂದ ದೇವನಹಳ್ಳಿಯ ಬಳಿಯ ವಿಮಾನ ನಿಲ್ದಾಣಕ್ಕೆ ಓಡುವ ಬಾಡಿಗೆ ಕಾರಿನ ವೇಗ ಮೇಲಿನ ಲೆಕ್ಕದ ಐವತ್ತನ್ನು ಬಹುಬೇಗ ದಾಟುತ್ತದೆ. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಸೀಟುಪಟ್ಟಿಯಿಂದಲೋ ಮಕ್ಕಳ ಆಸನದಿಂದಲೋ ಭದ್ರಪಡಿಸದಿದ್ದರೆ ಸಾವಿರ ರೂಪಾಯಿ ದಂಡವೆಂದು ನಮ್ಮ ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಆದ ತಿದ್ದುಪಡಿಯೂ ಹೇಳುತ್ತದೆ. ಆ ಒಂದು ದಿನಕ್ಕೆ ಬಂಧುಗಳಿಂದ ಒಳ್ಳೆಯ ಆಸನವನ್ನು ಕಡ ತನ್ನಿರಿ. ಬಾಡಿಗೆ ಕಾರಿನ ಹಿಂದಿನ ಸೀಟಿನ ಪಟ್ಟಿ ಸರಿಯಾಗಿದೆಯೆ ಎಂದು ಮುಂಚಿತವಾಗಿ ನೋಡಿರಿ. ವಿಮಾನ ಹತ್ತಿಸಿ ಹಿಂದಿರುಗುವಾಗ ಆಸನವನ್ನು ಮನೆಗೆ ತಂದರಾಯಿತು. ದಾರಿಯುದ್ದಕ್ಕೂ ಅಜ್ಜಿ ಪಕ್ಕದಲ್ಲಿ ಕೂತು ಮೊಮ್ಮಗುವಿನ ಕೈ ಹಿಡಿದಿರಲಿ. ಮಡಿಲಿಗೆ ಕರೆದುಕೊಳ್ಳಲು ನಿಲ್ದಾಣ ತಲುಪಿದ ಮೇಲೆ ಬೇಕಾದಷ್ಟು ಹೊತ್ತು ಇದೆ.