ಮನೆಯಲ್ಲೇ ಮೊಳಕೆ ಕಾಳು: ಬಿತ್ತನೆ ಚೀಲಕ್ಕೆ ಮಾತ್ರ ಕೈ ಹಾಕಬೇಡಿ

ಬಿತ್ತನೆಗೆ ಮೊದಲು ನೂರು ಕಾಳು ಎಣಿಸಿ, ಒದ್ದೆ ಗೋಣಿಯ ತುಂಡಿನಲ್ಲಿ ಸುತ್ತಿಟ್ಟು, ಎಷ್ಟು ಮೊಳೆತವೆಂದು ನೋಡುವ ಪದ್ಧತಿ ನಿಮಗೆ ಹೊಸದಲ್ಲ. ಹೊಲಕ್ಕಾಗಿ ಮಾಡುವ ಈ ಕೆಲಸವನ್ನೇ ವಾರಕ್ಕೆ ಎರಡು ಸಲ ಅಡಿಗೆಮನೆಗಾಗಿ ಮಾಡಿ ನೋಡಿ. ಯುಗಾದಿಯ ಹೊತ್ತಿಗೆ ಮಳೆಯಾಶ್ರಯದ ಊರುಗಳಲ್ಲಿ ಹಿತ್ತಿಲ ಬಳ್ಳಿ ಒಣಗಿರುತ್ತದೆ. ಸೊಪ್ಪು ಸಿಗುವುದಿಲ್ಲ, ಸಂತೆಯ ತರಕಾರಿ ಕೊಳ್ಳಲು ಕೈ ಹಿಂಜರಿಯುತ್ತದೆ. ಆಗಲೂ ಮನೆಯ ಡಬ್ಬದಲ್ಲಿ ಹುರುಳಿಯೋ ಹೆಸರೋ ಇದ್ದೇ ಇರುತ್ತದೆ.

ಒಣ ಕಾಳಿನಲ್ಲಿ ‘ಸಿ’ ಜೀವಸತ್ವ ಇಲ್ಲವೆಂದೇ ಹೇಳಬೇಕು. ಅದೇ ಕಾಳು ಮೊಳೆತಾಗ ಅದು ಹೊಸದಾಗಿ ಹುಟ್ಟಿಕೊಳ್ಳುತ್ತದೆ. ಮೊದಲ ಮಹಾಯುದ್ಧದಲ್ಲಿ ಮೆಸಪೊಟೇಮಿಯಾಕ್ಕೆ, ಅಂದರೆ ಈಗಿನ ಇರಾಕಿಗೆ, ಹೋಗಿದ್ದ ನಮ್ಮ ದೇಶದ ಸೈನಿಕರು ತಾಜಾ ಆಹಾರವಿಲ್ಲದೆ ಒಸಡು ಊದಿ ರಕ್ತ ಸೋರುವ ಸ್ಕರ್ವಿ ರೋಗಕ್ಕೆ ತುತ್ತಾದರು. ಮೊಳೆತ ಕಾಳು ಈ ರೋಗವನ್ನು ತಡೆಯಬಲ್ಲದೆಂದು ಲಂಡನ್ನಿನ ಲಿಸ್ಟರ್ ಸಂಸ್ಥೆಯ ಹ್ಯಾರಿಯಟ್ ಚಿಕ್ ಮತ್ತು ಡೆಲ್ಫ್ ಎಂಬ ಇಬ್ಬರು ಮಹಿಳಾ ವಿಜ್ಞಾನಿಗಳು 1919ರಲ್ಲಿ ಪ್ರಕಟಿಸಿದರು. ರಾಗಿಯಲ್ಲೂ ಕಾಳಿನಲ್ಲೂ ಇರುವ ಕಬ್ಬಿಣದ ಅಂಶ ಮೈಗೆ ಹತ್ತಲು ಇದೇ ಜೀವಸತ್ವ ನೆರವಾಗುತ್ತದೆ. ರಕ್ತ ಕಡಿಮೆ ಇರುವ ಹೆಣ್ಣುಮಕ್ಕಳಿರುವ ಮನೆಯಲ್ಲಿ ಇದು ಸಣ್ಣ ವಿಷಯವಲ್ಲ.

ಮಾಡುವ ಕ್ರಮ ಸುಲಭ. ಒಂದು ಪಾವು ಹೆಸರುಕಾಳನ್ನು ಕಲ್ಲು ಆರಿಸಿ, ನೀರಿಗೆ ಹಾಕಿ. ತೇಲುವ ಹುಳುಕು ಕಾಳು ತೆಗೆದು ಮೂರು ಸಲ ತೊಳೆಯಿರಿ. ಮೂರರಷ್ಟು ಕುಡಿಯುವ ನೀರಿನಲ್ಲಿ ರಾತ್ರಿ ನೆನೆಸಿ, ಬೆಳಿಗ್ಗೆ ನೀರು ಪೂರ್ತಿ ಬಸಿಯಿರಿ. ಕುದಿಸಿ ಒಣಗಿಸಿದ ತೆಳು ಹತ್ತಿಬಟ್ಟೆಯಲ್ಲಿ ಸಡಿಲವಾಗಿ ಗಂಟು ಕಟ್ಟಿ, ನೆರಳಿನಲ್ಲಿ ತೂಗುಹಾಕಿ. ಬೆಳಿಗ್ಗೆ ಸಂಜೆ ಗಂಟು ಬಿಚ್ಚಿ ಕಾಳನ್ನು ತೊಳೆದು ಮತ್ತೆ ಕಟ್ಟಬೇಕು. ಬೇಸಗೆಯಲ್ಲಿ ಒಂದೇ ದಿನಕ್ಕೆ ಅರ್ಧ ಅಂಗುಲ ಮೊಳಕೆ ಬರುತ್ತದೆ, ಚಳಿಗಾಲದಲ್ಲಿ ಎರಡು ದಿನವಾದರೂ ಬೇಕು. ಹುರುಳಿ, ಕಡಲೆ ನಿಧಾನ. ಹನ್ನೆರಡು ಗಂಟೆಯಾದರೂ ನೆನೆಯಲಿ. ಉತ್ತರ ಕರ್ನಾಟಕದವರಿಗೆ ಮಡಿಕೆಕಾಳಿನ ವಿಷಯದಲ್ಲಿ ನಾನು ಹೇಳಿಕೊಡಬೇಕಾದ್ದೇನೂ ಇಲ್ಲ.

ನಾನು ಮೊದಲ ಸಲ ಕಟ್ಟಿದ್ದು ಮೇ ತಿಂಗಳಲ್ಲಿ. ನೀರು ಸರಿಯಾಗಿ ಬಸಿಯದೆ ಗಂಟನ್ನು ಪಾತ್ರೆಯೊಳಗೇ ಮುಚ್ಚಿಟ್ಟಿದ್ದೆ. ಮರುದಿನ ಲೋಳೆ ಲೋಳೆಯಾಗಿ ವಾಸನೆ ಹೊಡೆಯಿತು. ಕಾಳಿಗೆ ಗಾಳಿ ಬೇಕು, ನಿಂತ ನೀರು ಬೇಡ. ಹಾಗೆ ಕೆಟ್ಟದ್ದನ್ನು ತೊಳೆದು ಬಳಸಲು ಹೋಗದೆ ತಿಪ್ಪೆಗೆ ಹಾಕಿ.

ಇನ್ನು ಮುಖ್ಯ ಮಾತು. ಮೊಳಕೆಗೆ ಊಟದ ಕಾಳನ್ನೇ ಬಳಸಿ. ಅಂಗಡಿಯಿಂದ ತಂದ ಬಿತ್ತನೆ ಬೀಜಕ್ಕೆ ಥೈರಾಮ್, ಕ್ಯಾಪ್ಟಾನ್‌ನಂಥ ಔಷಧ ಲೇಪಿಸಿರುತ್ತಾರೆ. ಗುಲಾಬಿಯೋ ಕೆಂಪೋ ಬಣ್ಣ ಕಟ್ಟಿರುವುದು ಅದಕ್ಕಾಗಿಯೇ. ಬಿತ್ತಿ ಉಳಿದ ಎರಡು ಹಿಡಿ ಬೀಜ ವ್ಯರ್ಥವಾಗುತ್ತದಲ್ಲ ಎಂದು ತೊಳೆದು ನೆನೆಸುವ ಮನೆಗಳುಂಟು. ಎಷ್ಟು ತೊಳೆದರೂ ವಿಷ ಪೂರ್ತಿ ಹೋಗದು. ನೀವೇ ಔಷಧ ಬೆರೆಸಿಟ್ಟ ಬೀಜವಾದರೆ ಮನೆಯವರಿಗೆ ಹೇಳಿ, ಚೀಲಕ್ಕೆ ಗುರುತು ಹಾಕಿ, ಮಕ್ಕಳ ಕೈಗೆ ಸಿಗದ ಕಡೆ ಇಡಿ. ಬೂದಿ ಅಥವಾ ಕೆಮ್ಮಣ್ಣು ಬೆರೆಸಿ ಕಾದಿಟ್ಟ ಕಾಳನ್ನು ಮಾತ್ರ ಚೆನ್ನಾಗಿ ತೊಳೆದು ಬಳಸಬಹುದು.

ಎರಡನೆಯದು ಹಸಿಯಾಗಿ ತಿನ್ನುವ ವಿಷಯ. ಮೊಳಕೆ ಬರಿಸುವ ತೇವ, ಬೆಚ್ಚಗೆ ರೋಗಾಣುಗಳಿಗೂ ಹಿತವೇ. 2011ರಲ್ಲಿ ಜರ್ಮನಿಯಲ್ಲಿ ಮೆಂತ್ಯದ ಹಸಿ ಮೊಳಕೆಯಿಂದ ಹರಡಿದ ಕರುಳಿನ ಬೇನೆಗೆ 50ಕ್ಕೂ ಹೆಚ್ಚು ಮಂದಿ ಸತ್ತರು. ಅಷ್ಟು ಅನುಕೂಲಸ್ಥ ದೇಶದಲ್ಲೇ ಹೀಗಾದರೆ ನಮ್ಮ ಕೆರೆ, ತೊಟ್ಟಿಯ ನೀರಿನ ಬಗ್ಗೆ ಬೇರೆ ಹೇಳಬೇಕೆ? ಬಸುರಿಯರಿಗೆ, ಚಿಕ್ಕ ಮಕ್ಕಳಿಗೆ, ಮುದುಕರಿಗೆ ಬೇಯಿಸಿಯೇ ಕೊಡಿ. ಬೇಯಿಸಿದರೆ ‘ಸಿ’ ಜೀವಸತ್ವ ಸ್ವಲ್ಪ ನಷ್ಟವಾಗುತ್ತದೆ ನಿಜ. ಮುಚ್ಚಳ ಮುಚ್ಚಿ ಬೇಯಿಸಿ, ಇಳಿಸಿದ ಮೇಲೆ ನಿಂಬೆಹುಳಿ ಹಿಂಡಿದರಾಯಿತು. ಹುರುಳಿಯ ಬಸ್ಸಾರಿಗೆ, ಹೆಸರಿನ ಉಸಲಿಗೆ ಹೇಗೂ ಬೇಯಲೇಬೇಕು. ಅವರೆ, ಸೋಯಾ ಕಾಳುಗಳನ್ನಂತೂ ಯಾರೂ ಹಸಿಯಾಗಿ ತಿನ್ನಬಾರದು.

ಕಾಳಿನಂತೆ ಜೋಳವನ್ನೂ ಮೊಳಕೆ ಕಟ್ಟೋಣ ಎನ್ನುವವರಿದ್ದಾರೆ. ಬೇಡ. ಎಳೆ ಜೋಳದ ಚಿಗುರು ಮೇಯ್ದ ದನ ಉಸಿರು ಕಟ್ಟಿ ಬೀಳುವುದನ್ನು ನೀವೇ ಕಂಡಿರಬಹುದು. ಅದಕ್ಕೆ ಕಾರಣವಾದ ಸಯನೈಡ್ ವಿಷದ ಮೂಲ ಜೋಳದ ಮೊಳಕೆಯಲ್ಲೂ ಇದೆ.

ರಾಗಿಗೆ ಆ ಭಯವಿಲ್ಲ. ಹನ್ನೆರಡು ಗಂಟೆ ನೆನೆಸಿ, ಒಂದೆರಡು ದಿನ ಗಂಟು ಕಟ್ಟಿ, ಬಿಳಿ ಮೊಳಕೆ ಕಂಡ ಮೇಲೆ ಬಿಸಿಲಿಗೆ ಹರಡಿ ಗರಿಗರಿಯಾಗಿ ಒಣಗಿಸಿ. ಅಂಗೈಯಲ್ಲಿ ಉಜ್ಜಿ, ಮೊರದಲ್ಲಿ ಕೇರಿದರೆ ಮೊಳಕೆ ಉದುರುತ್ತದೆ. ಘಮ್ಮೆನ್ನುವಷ್ಟು ಮಾತ್ರ ಹುರಿದು ಬೀಸಿಸಿ. ಮೊಳಕೆಯಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆಯುವುದರಿಂದ ಈ ಹಿಟ್ಟಿನ ಗಂಜಿ ಗಟ್ಟಿಯಾಗುವುದಿಲ್ಲ. ಹಾಗಾಗಿ ಅದೇ ಬಟ್ಟಲು ಗಂಜಿಗೆ ಹೆಚ್ಚು ಹಿಟ್ಟು ಹಾಕಬಹುದು. ನಾಲ್ಕು ತುತ್ತಿಗೇ ಮುಖ ತಿರುಗಿಸುವ ಕೂಸಿನ ಹೊಟ್ಟೆಗೆ ಅಷ್ಟರಲ್ಲೇ ಹೆಚ್ಚು ಆಹಾರ ಸೇರುತ್ತದೆ. ಆರು ತಿಂಗಳು ತುಂಬಿದ ಮೇಲೆ, ಎದೆಹಾಲಿನ ಜೊತೆಗೆ, ಚೆನ್ನಾಗಿ ಕುದಿಸಿ ಕೊಡಿ. ಹಿಟ್ಟನ್ನು ತೇವ ತಾಗದ ಡಬ್ಬದಲ್ಲಿಟ್ಟು, ಹದಿನೈದು ದಿನಕ್ಕೆ ಸಾಕಾಗುವಷ್ಟೇ ಬೀಸಿಸಿಕೊಳ್ಳಿ.