ರಾಗಿ ಇಡಿ, ಹಿಟ್ಟು ಬೇಡ

ಪ್ರಶ್ನೆ: ರಾಗಿ, ಅವರೆಕಾಳು ವರ್ಷಕ್ಕಾಗುವಷ್ಟು ತುಂಬಿಡಬಹುದೇ? (ಓದುಗರು, ಅರಕಲಗೂಡು)

ಉತ್ತರ: ರಾಗಿಯನ್ನು ಧಾರಾಳವಾಗಿ ಇಡಿ, ಹಿಟ್ಟನ್ನಲ್ಲ. ಹಿಂದೆ ನೆಲದಡಿಯ ಹಗೇವಿನಲ್ಲಿ ರಾಗಿ ವರ್ಷಗಟ್ಟಲೆ ಉಳಿಯುತ್ತಿದ್ದುದು ಸುಮ್ಮನೆ ಅಲ್ಲ: ಕಾಳು ಸಣ್ಣದು, ಸಿಪ್ಪೆ ಗಟ್ಟಿ, ಚೆನ್ನಾಗಿ ಒಣಗಿದ್ದರೆ ಹುಳು ಒಳಗೆ ಬೆಳೆಯಲು ಜಾಗವೇ ಸಾಲದು. ಬೀಸಿದರೆ ಮಾತ್ರ ಕಾಳಿನ ಜಿಡ್ಡಿಗೆ ಗಾಳಿ ತಾಗಿ ಹಿಟ್ಟು ಬೇಗ ಕಮಟು ಹಿಡಿಯುತ್ತದೆ. ಪದೇಪದೇ ಮಿಲ್ಲಿಗೆ ಓಡುವವರು ಯಾರು ಎನ್ನುತ್ತೀರಾ? ಹದಿನೈದು ದಿನಕ್ಕೊಮ್ಮೆ ಬೀಸಿಸಿದರೆ ಸಾಕು, ಮುದ್ದೆಯ ರುಚಿಗೂ ಅದೇ ಒಳ್ಳೆಯದು.

ಅವರೆ, ಹುರುಳಿಯ ಕಥೆ ಬೇರೆ. ಹುಳು ಹೊಲದಲ್ಲೇ ಮೊಟ್ಟೆಯಿಟ್ಟು ಕಾಳಿನ ಜೊತೆ ಮನೆಗೆ ಬರುತ್ತದೆ. ಕಾಳಿಗೆ ಅಂಟಿದ ಬಿಳಿ ಚುಕ್ಕೆಗಳೇ ಆ ಮೊಟ್ಟೆ. ಡಬ್ಬಿ ತೊಳೆದ ಮಾತ್ರಕ್ಕೆ ಅದು ನಿಲ್ಲದು. ಕಾಳನ್ನು ಸುಡುಬಿಸಿಲಲ್ಲಿ ಒಣಗಿಸಿ, ಆರಿಸಿ, ಗಾಳಿಯಾಡದಂತೆ ಮುಚ್ಚಿಡಿ. ಬೇಳೆ ಮಾಡಿಸಿಟ್ಟರೆ ಈ ಕಾಟ ಕಡಿಮೆ.